ಬೀಗರೂಟ ಕಳೆದ ಮೇಲೆ

ನಮ್ಮ ಯಜಮಾನರು ಮೊದಲ ಸಲ ಕುಡಿತ ಬಿಟ್ಟಾಗ ಊರಿಗೆಲ್ಲ ಗೊತ್ತಾಗಿತ್ತು. ಎರಡನೇ ಸಲ ಬಿಟ್ಟದ್ದು ಮನೆಯವರನ್ನು ಬಿಟ್ಟರೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ನಾನೀಗ ಬರೆಯುತ್ತಿರುವುದು ಆ ಎರಡನೇ ಸಲದ್ದು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರ್ಕೊ, ಸುಳ್ಳೇನಲ್ವಲ್ಲ" ಅಂದರು.

ನಮ್ಮೂರು ಕಿಕ್ಕೇರಿಯಿಂದ ಒಳಕ್ಕೆ, ಹೇಮಾವತಿ ನಾಲೆಯ ಪಕ್ಕದ ಹಳ್ಳಿ. ಅಲ್ಲಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರು. ನನ್ನ ತವರು ನಾಗಮಂಗಲ. ಮಳೆ ನಂಬಿಕೊಂಡು ರಾಗಿ ಬೆಳೆಯುವ ಸೀಮೆಯಿಂದ ಹುಡುಗಿಯನ್ನು ನೀರಾವರಿ ಮನೆಗೆ ಕೊಟ್ಟೆವು ಎಂದು ನಮ್ಮಪ್ಪನಿಗೆ ಬಹಳ ಹೆಮ್ಮೆ ಇತ್ತು. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ನಾವಿಬ್ಬರು, ಅತ್ತೆ, ಇನ್ನೂ ಚಿಕ್ಕವಳಾಗಿದ್ದ ಮಗಳು. ಯಜಮಾನರು ಗದ್ದೆ ನೋಡಿಕೊಳ್ಳುತ್ತಿದ್ದರು. ಕಬ್ಬು ಕಡಿಯುವ ಕಾಲ ಬಂದರೆ ಸ್ವಂತ ಟ್ರಾಕ್ಟರಿನಲ್ಲಿ ನಮ್ಮ ಕಬ್ಬನ್ನೂ ಊರವರ ಕಬ್ಬನ್ನೂ ಮಾಕವಳ್ಳಿಯ ಕಾರ್ಖಾನೆಗೆ ಹೊಡೆಯುತ್ತಿದ್ದರು.

ಟ್ರಾಕ್ಟರು ಬರುವ ಮುಂಚೆ ಅವರು ಹಬ್ಬಕ್ಕೋ ಮಾರಿಯೂಟಕ್ಕೋ ಕುಡಿಯುತ್ತಿದ್ದವರು. ಟ್ರಾಕ್ಟರು ಬಂದ ಮೇಲೆ ಅದು ದಿನದ ಕೆಲಸವಾಯಿತು. ಲೋಡು ಇಳಿಸಲು ಸರದಿ ಕಾಯುವ ಡ್ರೈವರುಗಳು ರಸ್ತೆ ಬದಿಯ ಮರದಡಿ ಕೂತು ಸಾರಾಯಿ ಪ್ಯಾಕೆಟ್ಟು ಕಚ್ಚುತ್ತಿದ್ದರು. ಇವರೂ ಕೂತರು. ಕಬ್ಬಿನ ಕಾಲ ಮುಗಿದರೂ ಕುಡಿಯುವ ಕಾಲ ಮುಗಿಯಲಿಲ್ಲ. ಕೊನೆಗೆ ಪಾಂಡವಪುರದ ಒಂದು ಕಲ್ಯಾಣ ಮಂಟಪದಲ್ಲಿ ಕುಡಿತ ಬಿಡಿಸುವ ಶಿಬಿರ ನಡೆದಾಗ ಅತ್ತೆಯೇ ಕರೆದುಕೊಂಡು ಹೋಗಿ ಕೂರಿಸಿ ಬಂದರು. ಶಿಬಿರ ಮುಗಿದ ದಿನ ಎಲ್ಲರಿಗೂ ಹಾರ ಹಾಕಿದರು. ಇವರು ಮೈಕಿನ ಮುಂದೆ ನಿಂತು ಎರಡು ಮಾತನ್ನೂ ಆಡಿದರು. ಊರಿಗೆ ಗೊತ್ತಾಗಿದ್ದು ಹಾಗೆ.

ಆ ಶಿಬಿರದಲ್ಲಿ ಹೊಸಬರಿಗೆ ಧೈರ್ಯ ಹೇಳಲು ಶ್ರೀರಂಗಪಟ್ಟಣದಿಂದ ಒಬ್ಬರು ಬರುತ್ತಿದ್ದರು. ದೇವಸ್ಥಾನದ ಪೂಜೆಯ ಮನೆತನದವರು, ಕಛೇರಿಯೊಂದರಲ್ಲಿ ಗುಮಾಸ್ತರು. ಅಂಥ ಮನೆಯಲ್ಲಿ ಹುಟ್ಟಿ ಕುಡಿತಕ್ಕೆ ಬಿದ್ದು, ಅದನ್ನು ಬಿಟ್ಟು ಹಲವು ವರ್ಷವಾಗಿತ್ತು. "ಬಿಟ್ಟ ಮೇಲೆ ನಾನು ತಿರುಗಿ ನೋಡ್ಲಿಲ್ಲ" ಎಂದು ಅವರು ವೇದಿಕೆಯ ಮೇಲೆ ಹೇಳಿದ್ದು ನಮ್ಮವರ ಎದೆಗೆ ನಾಟಿತ್ತು. ಇವರು ಅವರನ್ನು "ಸ್ವಾಮಿ" ಅನ್ನುತ್ತಿದ್ದರು, ಅವರು ಇವರನ್ನು "ಗೌಡ್ರೇ" ಅನ್ನುತ್ತಿದ್ದರು. ಶ್ರೀರಂಗಪಟ್ಟಣದ ಕಡೆ ಹೋದಾಗಲೆಲ್ಲ ಇವರು ಅವರ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಒಂದೆರಡು ಸಲ ನಾನೂ ಹೋಗಿದ್ದೆ.

ಹೀಗೆ ಒಂದೂವರೆ ವರ್ಷ ಕಳೆಯಿತು. ಆ ದಿನಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕತ್ತಲಾದ ಮೇಲೆ ಬಾಗಿಲ ಕಡೆ ಕಿವಿ ಕೊಟ್ಟು ಕೂರುವುದು ನನಗೆ ಮರೆತುಹೋಗಿತ್ತು, ಅಷ್ಟೇ.

ಆ ಬೇಸಿಗೆಯಲ್ಲಿ ನನ್ನ ತಮ್ಮನ ಮದುವೆಯಾಯಿತು. ಮದುವೆ ಕಳೆದ ಮೇಲಿನ ಬಾಡೂಟ, ಅಂದರೆ ಬೀಗರೂಟ, ತವರುಮನೆಯ ಹಿಂದಿನ ತೆಂಗಿನ ತೋಟದಲ್ಲಿ. ಶಾಮಿಯಾನ ಹಾಕಿ, ದೊಡ್ಡ ಹಂಡೆಗಳಲ್ಲಿ ಸಾರು ಮಾಡಿ, ಮಧ್ಯಾಹ್ನದ ಬಿಸಿಲಲ್ಲಿ ಪಂಕ್ತಿಯ ಮೇಲೆ ಪಂಕ್ತಿ ಏಳುತ್ತಿತ್ತು. ನಾನು ಮುದ್ದೆಯ ತಟ್ಟೆ ಹಿಡಿದು ಓಡಾಡುತ್ತಿದ್ದೆ. ಗಂಡಸರ ಒಂದು ಗುಂಪು ಪಂಪ್‌ಸೆಟ್ ಮನೆಯ ಹಿಂದಕ್ಕೆ ಹೋಗಿ ಬರುತ್ತಿದ್ದದ್ದು ಕಣ್ಣಿಗೆ ಬಿದ್ದಿತ್ತು. ಒಂದು ಸಲ ಆ ಕಡೆ ನೋಡಿದರೆ ನಮ್ಮವರೂ ಅಲ್ಲಿದ್ದರು, ಕೈಯಲ್ಲಿ ಸ್ಟೀಲಿನ ಲೋಟ. ಲೋಟದಲ್ಲಿ ಏನಿದೆ ಎಂದು ಅಷ್ಟು ದೂರಕ್ಕೆ ಕಾಣುವುದಿಲ್ಲ. ಆದರೆ ನನ್ನನ್ನು ಕಂಡ ಕೂಡಲೇ ಅವರು ತಲೆ ಎತ್ತಿ ತೆಂಗಿನ ಮರದ ಗೊನೆ ನೋಡತೊಡಗಿದರು.

ತಟ್ಟೆ ಕೆಳಗಿಟ್ಟು ಹೋದೆ. ನನ್ನ ತಮ್ಮ ಅಡ್ಡ ಬಂದ. ಹೊಸ ಪಂಚೆ, ಹೊಸ ವಾಚು.

"ಅಕ್ಕಯ್ಯ, ನೀನ್ ಸುಮ್ಕಿರು. ನನ್ ಮದ್ವೆ ಕಣಕ್ಕ. ಬಾವ ಒಂದ್ ಗುಟುಕು ತಕ್ಕಂಡ್ರೆ ಆಕಾಸ ಕಳ್ಚಿ ಬೀಳ್ತದಾ?"

"ಒಂದೂವರೆ ವರ್ಷದಿಂದ ಮುಟ್ಟಿಲ್ಲ ಕಣೋ ಅವ್ರು."

"ಅದ್ಕೇ ಏಳಿದ್ದು. ಅಷ್ಟು ದಿನ ಬುಟ್ಟಿದ್ದೋರು ಒಂದಿನಕ್ಕೆ ಕೆಟ್ಟೋಯ್ತಾರಾ?"

ಬೀಗರ ಕಡೆಯವರೆಲ್ಲ ನೋಡುತ್ತಿದ್ದರು. ನಾನು ಅಲ್ಲಿ ಕೂಗಾಡಿದ್ದರೆ ಅಪ್ಪನ ಮರ್ಯಾದೆ ಹೋಗುತ್ತಿತ್ತು. ವಾಪಸ್ಸು ಬಂದು ಮುದ್ದೆಯ ತಟ್ಟೆ ಎತ್ತಿಕೊಂಡೆ.

ಸಂಜೆಯ ಬಸ್ಸಿಗೆ ಅತ್ತೆ, ನಾನು, ಮಗಳು ಹೊರಟಾಗ ಅವರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಊರಿಗೆ ಬಂದದ್ದು ಮೂರ್ನಾಲ್ಕು ದಿನ ಕಳೆದ ಮೇಲೆ. ಬಂದವರು ಒಳಕ್ಕೆ ಬರಲಿಲ್ಲ, ಕೊಟ್ಟಿಗೆ ಪಕ್ಕದ ಜಗುಲಿಯ ಮೇಲೆ ಮಲಗಿಬಿಟ್ಟರು. ಅಲ್ಲಿಂದ ಮುಂದೆ ದಿನವೂ ಕುಡಿದರು. ಮೊದಲಿಗಿಂತ ಜಾಸ್ತಿ. ಮೊದಲಾದರೆ ಸಂಜೆ ಶುರುವಾಗುತ್ತಿತ್ತು, ಈಗ ಬೆಳಿಗ್ಗೆಗೇ ಬಂತು. ಗಲಾಟೆ ಮಾಡುವವರಲ್ಲ, ಬೈಯುವವರಲ್ಲ. ಯಾರನ್ನೂ ನೋಡದೆ ಹೋಗಿ ಯಾರನ್ನೂ ನೋಡದೆ ಬರುತ್ತಿದ್ದರು.

ಅತ್ತೆ ಅಳಲಿಲ್ಲ. ಟ್ರಾಕ್ಟರಿನ ಕೀ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ನೀನ್ ಕುಡ್ಕೋ. ಯಾರ್ ಮಕ್ಕಳ ಮ್ಯಾಲೂ ಗಾಡಿ ಅತ್ತಿಸ್ಬ್ಯಾಡ" ಅಂದರು. ಊಟದ ಹೊತ್ತಿಗೆ ತಟ್ಟೆಯನ್ನು ಜಗುಲಿಗೇ ತಂದು ಇಡುತ್ತಿದ್ದರು. ಉಂಡರೆ ಉಂಡರು, ಇಲ್ಲದಿದ್ದರೆ ಅದನ್ನು ಎತ್ತಿ ಹಸುವಿನ ಬಾನಿಗೆ ಸುರಿಯುತ್ತಿದ್ದರು.

ಒಂದು ಬೆಳಿಗ್ಗೆ, ಅವರು ಇನ್ನೂ ಹೊರಡುವ ಮುಂಚೆ, ನಾನು ಹತ್ತಿರ ಹೋಗಿ ಕೂತೆ. "ತಪ್ಪಿದ್ದು ತಪ್ಪಿತು. ಇವತ್ತಿಂದ ಮತ್ತೆ ಬಿಡಿ" ಅಂದೆ.

"ಏನ್ನ ಬುಡದು?" ಅಂದರು. "ಅದೆಲ್ಲ ಓಯ್ತು ಕಣೆ. ಆರ ಆಕ್ಸ್ಕಂಡಿದ್ದು, ಮೈಕಲ್ಲಿ ಮಾತಾಡಿದ್ದು, ಎಲ್ಲ ಓಯ್ತು. ಊರೋರ್ ಮುಂದೆ ಯಾವ್ ಮಕ ಇಟ್ಕಂಡ್ ಮತ್ತೆ ಬುಡ್ಲಿ? ಸ್ವಾಮಿ ಅಂತೋರ್ಗೆ ಆಯ್ತದೆ ಅದು, ನಮ್ಮಂತೋರ್ಗಲ್ಲ."

ಈ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇವರು ನನ್ನ ಮಾತು ಕೇಳುವುದಿಲ್ಲ, ಅಮ್ಮನ ಮಾತೂ ಕೇಳುವುದಿಲ್ಲ. ಆ ಸ್ವಾಮಿಯವರು ಹೇಳಿದರೆ ಕೇಳಬಹುದು ಅನ್ನಿಸಿತು. ಮುಂದಿನ ಭಾನುವಾರ ಅತ್ತೆಗೆ ಮಾತ್ರ ಹೇಳಿ ಮೊದಲ ಬಸ್ಸಿಗೆ ಹೊರಟೆ. "ಓಗ್ಬುಟ್ ಬಾ ಮಗ. ನಾನ್ ನೋಡ್ಕತೀನಿ" ಅಂದರು. ಕೆ.ಆರ್. ಪೇಟೆಗೆ ಬಂದು, ಪಾಂಡವಪುರದ ಮೇಲೆ ಹೋಗುವ ಬಸ್ಸು ಹಿಡಿದು ಶ್ರೀರಂಗಪಟ್ಟಣದಲ್ಲಿ ಇಳಿದಾಗ ಬಿಸಿಲೇರಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ನಾಚಿಕೆಯೂ ಇತ್ತು. ಅಷ್ಟು ದೊಡ್ಡವರ ಮುಂದೆ ನಮ್ಮವರು ಹೀಗಾಗಿದ್ದಾರೆ ಎಂದು ಹೇಗೆ ಹೇಳುವುದು?

ಕೋಟೆಯೊಳಗಿನ ಹಳೆಯ ಮನೆ ಅವರದು. ಪಡಸಾಲೆಯಲ್ಲಿ ಕೂತು ಪೇಪರು ಓದುತ್ತಿದ್ದರು. ನನ್ನೊಬ್ಬಳನ್ನೇ ಕಂಡು ಎದ್ದು ನಿಂತರು. ಅವರ ಮನೆಯವರು ನೀರು ತಂದುಕೊಟ್ಟು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ನಾನು ಜೋಡಿಸಿಕೊಂಡದ್ದೆಲ್ಲ ಮರೆತುಹೋಗಿ, ಬೀಗರೂಟದಿಂದ ಹಿಡಿದು ಆ ದಿನದವರೆಗಿನದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. "ನಿಮ್ಮಂಥವರಿಗೆ ಆಗುತ್ತೆ, ನಮ್ಮಂಥವರಿಗಲ್ಲ ಅಂತಾರೆ. ನೀವೇ ಬಂದು ಒಂದು ಮಾತು ಹೇಳಬೇಕು" ಅಂದೆ.

ಅವರು ಪೇಪರನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. "ನಾನು ಬಂದು ಏನು ಹೇಳ್ಲಿ ತಾಯಿ?" ಅಂದರು.

ಬಾಗಿಲಲ್ಲಿ ನಿಂತಿದ್ದ ಅವರ ಮನೆಯವರು, "ನಿಜ ಹೇಳಿ" ಅಂದರು.

ಅವರು ಹೆಂಡತಿಯ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ವೇದಿಕೆ ಮೇಲೆ ನಾನು ಹೇಳೋದು ಪೂರ್ತಿ ನಿಜ ಅಲ್ಲಮ್ಮ. ಬಿಟ್ಟ ಎರಡನೇ ವರ್ಷ ಒಂದು ತಿಂಗಳು ಕುಡಿದೆ. ಅದಾದ ಮೇಲೆ ಇನ್ನೊಂದು ಸಲವೂ ಆಯ್ತು. ಇದನ್ನ ಹೇಳಿದ್ರೆ ಹೊಸಬರು ಧೈರ್ಯ ಕಳ್ಕೋತಾರೆ ಅಂತ ಹೇಳ್ತಿರ್ಲಿಲ್ಲ. ಅದೂ ಒಂದು ನೆಪ ಅನ್ನಿ. ನನಗೆ ನಾಚಿಕೆ, ಅಷ್ಟೇ" ಅಂದರು.

ನನಗೆ ಕೋಪ ಬಂತು. ಇದನ್ನು ಮೊದಲೇ ಹೇಳಿದ್ದರೆ ನಮ್ಮವರು ಜಗುಲಿಯ ಮೇಲೆ ಹಾಗೆ ಬಿದ್ದುಕೊಳ್ಳುತ್ತಿದ್ದರೇ ಅನ್ನಿಸಿತು. ಆದರೆ ಆ ಕೋಪದ ಹಿಂದೆಯೇ, ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಉಸಿರು ಬಿಟ್ಟಂತೆ ಹಗುರವೂ ಆಯಿತು. "ಅದನ್ನೇ ಬಂದು ಹೇಳಿ" ಅಂದೆ. ಅವರ ಮನೆಯವರು ಗೂಟದಲ್ಲಿದ್ದ ಶರಟು ತಂದು ಕೈಗೆ ಕೊಟ್ಟರು.

ನಾವು ಊರು ಸೇರಿದಾಗ ಇಳಿಹೊತ್ತು. ಯಜಮಾನರು ನಾಲೆಯ ಏರಿಯ ಮೇಲೆ ಹೊಂಗೆ ಮರದ ನೆರಳಲ್ಲಿ ಕೂತಿದ್ದರು. ಕುಡಿದಿದ್ದರು, ಆದರೆ ಮಾತು ನೆಟ್ಟಗಿತ್ತು. ಸ್ವಾಮಿಯವರನ್ನು ಕಂಡು ಏಳಲು ಹೋಗಿ, ಮತ್ತೆ ಕೂತರು.

"ಯಾರ್ ಕರ್ದಿದ್ದು ನಿಮ್ಮುನ್ನ?"

"ನಿಮ್ಮನೆಯವ್ರು."

"ಎಂಗ್ ಬಿದ್ದವ್ನೆ ಅಂತ ನೋಡ್ಕಂಡ್ ಓಗಾಕ್ ಬಂದ್ರಾ?"

"ಇಲ್ಲ ಗೌಡ್ರೇ. ನಾನೂ ಬಿದ್ದಿದ್ದೆ ಅಂತ ಹೇಳಿ ಹೋಗೋಕೆ ಬಂದೆ. ಒಂದ್ಸಲ ಅಲ್ಲ, ಎರಡು ಸಲ."

ನಮ್ಮವರು ಅವರ ಮುಖವನ್ನೇ ನೋಡಿದರು. "ನನ್ ಸಮಾಧಾನಕ್ಕೆ ಸುಳ್ಳೇಳ್ಬ್ಯಾಡಿ ಸ್ವಾಮಿ."

"ಸುಳ್ಳು ಹೇಳಿದ್ದು ಆಗ. ಈಗ ಹೇಳ್ತಿರೋದು ನಿಜ."

"ಮತ್ತೆ ನಾನು ನಿಮ್ಮುನ್ನೇ ನೋಡ್ಕಂಡು ಒಂದೂವರೆ ವರ್ಸ ಇದ್ನಲ್ಲ!" ಇವರ ದನಿ ಏರಿತು. ನಾನು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಅಲ್ಲೇ ನಿಂತಿದ್ದೆ.

"ಇದ್ರಲ್ಲ, ಅದೇನು ಸುಳ್ಳಾ? ಆ ಒಂದೂವರೆ ವರ್ಷ ಇದ್ದೋರು ನೀವು, ನಾನಲ್ಲ" ಅಂದರು ಅವರು. "ಈಗ ನೋಡಿ, ಪೇಟೆಯಲ್ಲಿ ಬಸ್ ಹತ್ತಿದ್ದೀರಿ. ಪಾಂಡವಪುರದಲ್ಲಿ ಬಸ್ ಕೆಟ್ಟು ನಿಂತಿತು. ಮತ್ತೆ ಪೇಟೆಗೆ ವಾಪಸ್ ಹೋಗಿ ಅಲ್ಲಿಂದ ಹೊರಡ್ತೀರೋ, ಅಲ್ಲೇ ಇನ್ನೊಂದು ಬಸ್ ಹತ್ತೀರೋ?"

ಇವರು ನಾಲೆಯ ನೀರು ನೋಡಿದರು. ಆಮೇಲೆ ಇವರ ಬಾಯಲ್ಲಿ ಒಂದು ನಗು ಬಂತು. ಎಷ್ಟೋ ದಿನವಾಗಿತ್ತು ಅದನ್ನು ಕಂಡು. "ನಾನು ಕೆಟ್ಟಿರ ಬಸ್ಸಲ್ಲೇ ಕುಂತ್ಕಂಡಿವ್ನಿ ಕಣ್ ಸ್ವಾಮಿ" ಅಂದರು.

"ಇಳೀರಿ ಮತ್ತೆ."

"ದೇವ್ರ ಮುಂದೆ ಆಣೆ ಇಕ್ಲಾ?"

"ಬೇಡ. ಆಣೆ ಶಿಬಿರದಲ್ಲೇ ಒಂದ್ಸಲ ಇಟ್ಟಾಗಿದೆ. ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ. ಇಷ್ಟು ದಿನ ಕುಡಿದು ದಿಢೀರ್ ಅಂತ ನಿಲ್ಲಿಸಿದ್ರೆ ಮೈಗೆ ಅಪಾಯ. ಔಷಧಿ ಬೇಕಾಗುತ್ತೆ. ನಾನೂ ಬರ್ತೀನಿ."

ಅವರು ಆ ರಾತ್ರಿ ನಮ್ಮಲ್ಲೇ ಉಳಿದರು. ಸೋಮವಾರ ಕಛೇರಿಗೆ ರಜಾ ಹಾಕಿ ಇವರನ್ನು ಕೆ.ಆರ್. ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮಾತ್ರೆ ಕೊಟ್ಟು, ಹೊಟ್ಟೆಗೆ ಚೆನ್ನಾಗಿ ತಿನ್ನಲು ಹೇಳಿ, ಕೈ ನಡುಕ ಜಾಸ್ತಿಯಾದರೆ ಕೂಡಲೇ ಬರಬೇಕು ಎಂದು ನನಗೂ ಎಚ್ಚರಿಸಿದರು. ಆ ವಾರ ಇವರು ಮೈಯೆಲ್ಲ ಬೆವೆತು ಮಲಗಿದ್ದರು. ಅತ್ತೆ ಗಂಜಿ, ಮಜ್ಜಿಗೆ, ತಿಳಿಸಾರು ಎಂದು ಒಂದಾದ ಮೇಲೊಂದು ಕುಡಿಸುತ್ತಿದ್ದರು. ಬೇಸಿಗೆ ರಜೆಯಾದ್ದರಿಂದ ನಾನೂ ಮನೆಯಲ್ಲೇ ಇದ್ದೆ. ಇವರು ಜಗುಲಿಯಿಂದ ಒಳಮನೆಗೆ ಬಂದದ್ದು ಆ ವಾರವೇ.

ಶ್ರೀರಂಗಪಟ್ಟಣಕ್ಕೆ ಹೊರಡುವ ಮುಂಚೆ ಸ್ವಾಮಿಯವರು ಕೇಳಿದ್ದರು: "ಯಾವ ಹೊತ್ತು ಕಷ್ಟ ಗೌಡ್ರೇ?"

"ಸಂದೆ" ಅಂದಿದ್ದರು ಇವರು. "ಒತ್ತು ಮುಳ್ಗಾಗಂಟ ಏನೂ ಇಲ್ಲ. ಮುಳ್ಗ್ತಿದ್ದಂಗೆ ಕಾಲು ತಾನಾಗೇ ಎದ್ದ್ ಓಯ್ತದೆ."

ಇದನ್ನು ಒಳಗಿನಿಂದ ಅತ್ತೆ ಕೇಳಿಸಿಕೊಂಡಿದ್ದಿರಬೇಕು. ಇವರು ಎದ್ದು ಓಡಾಡುವಂತಾದ ಮೇಲೆ ಒಂದು ಸಂಜೆ ಹಾಲು ಕರೆಯುವ ಪಾತ್ರೆ ತಂದು ಮುಂದಿಟ್ಟರು. "ನನ್ ಕೈ ಗೆಣ್ಣು ಇಡ್ಕಂಡದೆ ಕಣ್ಲಾ ಮಗ. ಇನ್ಮ್ಯಾಕೆ ಸಂದೆ ಅಸ ನೀನೇ ಕರೀಬೇಕು, ಡೈರಿಗೂ ನೀನೇ ಆಕ್ ಬರ್ಬೇಕು." ಅತ್ತೆಯ ಕೈಗೆ ಏನೂ ಆಗಿರಲಿಲ್ಲ. ಮಾರನೇ ದಿನವೇ ನಾಲೆಯಲ್ಲಿ ಕಂಬಳಿ ಒಗೆದು ಹಿಂಡುತ್ತಿದ್ದದ್ದನ್ನು ನಾನು ನೋಡಿದೆ. ಕೇಳಲಿಲ್ಲ.

ನಮ್ಮ ಸೀಮೆ ಹಸು ಅತ್ತೆಯ ಕೈ ಬಿಟ್ಟು ಇನ್ನೊಬ್ಬರ ಕೈ ಕಂಡಿರಲಿಲ್ಲ. ಮೊದಲ ದಿನ ಒದ್ದು ಪಾತ್ರೆ ಉರುಳಿಸಿತು. ಎರಡನೇ ದಿನ ಸೊರೆಬಿಡದೆ, ಮೊಲೆಗೆ ಹಾಲಿಳಿಸದೆ ನಿಂತಿತು. ಇವರು ಅದರ ಮೈ ತಡವುತ್ತಾ, ಬೈಯುತ್ತಾ, ಮತ್ತೆ ತಡವುತ್ತಾ ಕೂತಿರುತ್ತಿದ್ದರು. ಆ ಬೈಗುಳ ಕೇಳಿ ಮಗಳು ಕೊಟ್ಟಿಗೆ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಬೀಗರೂಟದಿಂದೀಚೆಗೆ ಅವಳು ಅಪ್ಪನ ಹತ್ತಿರ ಹೋಗಿದ್ದು ಅದೇ ಮೊದಲು. ಹಸು ಕೈಗೆ ಹೊಂದಿಕೊಳ್ಳುವ ಹೊತ್ತಿಗೆ ಕತ್ತಲಾಗುತ್ತಿತ್ತು. ಕ್ಯಾನು ಹಿಡಿದು ಡೈರಿಗೆ ಹೋಗಿ, ಸಾಲಲ್ಲಿ ನಿಂತು, ಹಾಲು ಹಾಕಿ, ಕ್ಯಾನು ತೊಳೆದು ಬರುವಷ್ಟರಲ್ಲಿ ಊಟದ ಹೊತ್ತು.

ಡೈರಿಯ ಹತ್ತಿರ ಒಬ್ಬ, "ಏನ್ಲಾ, ಟ್ರಾಕ್ಟರ್ ಓಡ್ಸಾನು ಕ್ಯಾನ್ ಇಡ್ಕ ಬಂದಿದ್ದೀಯ! ಎಂಡ್ರು ಇಸ್ಕೂಲ್ಗೆ, ನೀನು ಡೈರಿಗಾ?" ಅಂದನಂತೆ.

"ಏನಂದ್ರಿ?" ಎಂದು ಕೇಳಿದೆ.

"ಊಂ ಕಣ್ಲಾ, ಅಂದೆ" ಅಂದರು.

ಸುಲಭವೇನಲ್ಲ ಅದು. ಕೆಲವು ಸಂಜೆ ಡೈರಿಯಿಂದ ಬಂದವರು ಹಿತ್ತಿಲಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಉಣ್ಣಲು ಕೂತವರು ಅರ್ಧಕ್ಕೇ ಎದ್ದುಬಿಡುತ್ತಿದ್ದರು. ನನಗೋ, ಅವರು ಹೊಸಿಲು ದಾಟಿ ಒಳಗೆ ಬಂದರೆ ಮೂಗು ತಾನಾಗಿ ಅರಳುತ್ತಿತ್ತು. ಕ್ಯಾನು ಈಸಿಕೊಳ್ಳುವ ನೆಪದಲ್ಲಿ ಹತ್ತಿರ ಹೋಗಿ ಉಸಿರಿನ ವಾಸನೆ ನೋಡುತ್ತಿದ್ದೆ. ಅವರಿಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೆ. ಒಂದು ದಿನ ಕ್ಯಾನು ಕೆಳಗಿಟ್ಟು, ನನ್ನ ಮುಂದೆ ಬಾಯಿ ತೆರೆದು ನಿಂತರು.

"ಮೂಸ್ಬುಡು. ಮೂಸ್ಬುಟ್ಟು ನೆಮ್ಮದಿಯಾಗಿರು."

ಕೋಪದಿಂದ ಅನ್ನಲಿಲ್ಲ. ಅದಕ್ಕೇ ನನಗೆ ಅಳು ಬಂತು. "ಆಗಲ್ಲ ರೀ, ನನ್ನ ಕೈಲಿ ಸುಮ್ಮನಿರೋಕೆ ಆಗಲ್ಲ" ಅಂದೆ.

"ಗೊತ್ತು ಕಣೆ. ನಂಗೂ ನನ್ ಮ್ಯಾಲೆ ಅಂಗೇ ಅನುಮಾನ" ಅಂದರು. "ಒಂದ್ ಕೆಲ್ಸ ಮಾಡಾನ. ಕುಡುದ್ರೆ ನಾನೇ ಬಂದ್ ಏಳ್ತೀನಿ. ನೀನ್ ಮೂಸ್ಬ್ಯಾಡ."

ಒಪ್ಪಿಕೊಂಡೆ. ಆ ಮಾತು ಉಳಿಸಿಕೊಳ್ಳಲು ಅವರಿಗೆಷ್ಟು ಕಷ್ಟವಾಯಿತೋ ನನಗೂ ಅಷ್ಟೇ ಆಯಿತು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮಳೆ ಬಿದ್ದು ಉಳುಮೆಯ ಹೊತ್ತು ಬಂದಾಗ ಒಂದು ಬೆಳಿಗ್ಗೆ ಅತ್ತೆ ಸೆರಗಿನ ಗಂಟು ಬಿಚ್ಚಿ, ಟ್ರಾಕ್ಟರಿನ ಕೀಯನ್ನು ಕಾಫಿ ಲೋಟದ ಪಕ್ಕ ಇಟ್ಟು ಒಳಗೆ ಹೋದರು. ಯಜಮಾನರು ಅದನ್ನು ತೆಗೆದುಕೊಂಡು ಹೊಲಕ್ಕೆ ಹೋದರು. ಕಾರ್ಖಾನೆಗೆ ಕಬ್ಬು ಹೊಡೆಯುವುದನ್ನು ಮಾತ್ರ ಆ ವರ್ಷ ಬೇರೆಯವರಿಗೆ ಬಿಟ್ಟುಕೊಟ್ಟರು. "ಆ ಮರದ್ ಬುಡಕ್ಕೆ ಓಗಿ ಕುಂತ್ಕಳಕ್ಕೆ ನಂಗಿನ್ನೂ ಧೈರ್ಯ ಇಲ್ಲ" ಅಂದರು. ಊರವರು ಸೋಮಾರಿಯಾದ ಅಂದರು. ಅನ್ನಲಿ ಎಂದು ಸುಮ್ಮನಾದೆವು.

ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ತೆಗೆದುಕೊಂಡು ತಮ್ಮ ಬಂದ. ಬೀಗರೂಟದ ದಿನದಿಂದ ನಾನು ಅವನ ಜೊತೆ ಮಾತಾಡಿರಲಿಲ್ಲ. ಬಾಗಿನ ಬೇಡ ಎಂದು ಹೇಳಲು ಮನಸ್ಸಿನಲ್ಲೇ ಸಿದ್ಧವಾಗಿದ್ದೆ. ಅವನು ಮೊರ ಇದ್ದ ಚೀಲ ಇಳಿಸಿ, ಹೊಸಿಲ ಹೊರಗೇ ನಿಂತ. ಎಲ್ಲ ಸುದ್ದಿಯೂ ಅವನಿಗೆ ಮುಟ್ಟಿತ್ತು.

"ಬಾವ, ನಂದು ತಪ್ಪಾಯ್ತು. ಅವತ್ತು ನಾನ್ ಕೊಡ್ದಿದ್ರೆ..."

ನಾನು ಬಾಯಿ ತೆರೆಯುವ ಮುಂಚೆ ಯಜಮಾನರು ಎದ್ದು ಅವನ ಹೆಗಲ ಮೇಲೆ ಕೈ ಹಾಕಿದರು. "ನೀನ್ ಕೊಟ್ಟೆ ಅಂತ ನಾನ್ ಕುಡೀಲಿಲ್ಲ ಕಣ್ಲಾ. ಬಸ್ಸಿಳ್ದು ತೋಟಕ್ಕೆ ಕಾಲಿಟ್ಟಾಗ್ಲೇ ನಂಗೆ ಬೇಕು ಅನ್ನುಸ್ತಿತ್ತು. ಯಾರಾರಾ ಕೊಡ್ಲಿ ಅಂತ ಕಾಯ್ತಿದ್ದೆ. ನೀನ್ ಸಿಕ್ದೆ."

ಇದನ್ನು ಅವರು ನನಗೂ ಹೇಳಿರಲಿಲ್ಲ. ನಾಲ್ಕು ತಿಂಗಳು ನಾನು ತಮ್ಮನ ಮೇಲೆ ಹೊತ್ತು ತಿರುಗಿದ ಸಿಟ್ಟು ನಿಲ್ಲಲು ಜಾಗವಿಲ್ಲದೆ ಹೋಯಿತು.

"ಆದ್ರೂ ಒಂದ್ ಮಾತು" ಅಂದರು. "ಬ್ಯಾಡ ಅಂತ ಬುಟ್ಟೋರ್ಗೆ ಇನ್ ಯಾವತ್ತೂ ಕೊಡ್ಬ್ಯಾಡ. ಯಾರ್ಗೂವೆ."

"ಇಲ್ಲ ಬಾವ."

ನಾನು ಬಾಗಿನ ತೆಗೆದುಕೊಂಡೆ. ತಮ್ಮ ಹೋಳಿಗೆ ಊಟ ಮಾಡಿ ಸಂಜೆಯ ಬಸ್ಸಿಗೆ ಹೊರಟ. ಆ ಹೊತ್ತಿಗೆ ಯಜಮಾನರು ಹಸುವಿನ ಹತ್ತಿರ ಕೂತಿದ್ದರಿಂದ ಅಲ್ಲಿಂದಲೇ ಕೂಗಿ ಕಳಿಸಿಕೊಟ್ಟರು.

ಇಲ್ಲಿಗೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದೆರಡು ವರ್ಷ ಕಳೆದ ಮೇಲೆ, ಕೆ.ಆರ್. ಪೇಟೆಯಲ್ಲಿ ಹಳೆಯ ಡ್ರೈವರ್ ಗೆಳೆಯನೊಬ್ಬನ ತಿಥಿಗೆ ಹೋದವರು ಕುಡಿದು ಬಂದರು. ಬಂದು ಬಾಗಿಲಲ್ಲೇ ನಿಂತು, "ಇವತ್ತು ಕುಡ್ದ್ಬುಟ್ಟೆ ಕಣೆ" ಅಂದರು. ನಾನು, "ಒಳಗೆ ಬನ್ನಿ, ಕೈಕಾಲು ತೊಳ್ಕೊಳ್ಳಿ" ಅಂದೆ. ಅತ್ತೆ ತಟ್ಟೆ ಇಟ್ಟರು. ಜಗುಲಿಯ ಮೇಲಲ್ಲ, ಅಡಿಗೆಮನೆಯಲ್ಲಿ.

ಮಾರನೇ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರು ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿಕೊಂಡಿದ್ದರು. ಕಣ್ಣು ಕೆಂಪಗಿತ್ತು.

"ಎಲ್ಲಿಗೆ?"

"ಸ್ವಾಮ್ಯೋರ ಅತ್ರ. ಏಳ್ಬುಟ್ಟು ಬತ್ತೀನಿ."

"ನಾನೂ ಬರ್ಲಾ?"

"ಬ್ಯಾಡ, ನೀನ್ ಇಸ್ಕೂಲ್ಗೋಗು. ಸಂದೆ ಆಲ್ ಕರ್ಯಾ ಒತ್ಗೆ ಇರ್ತೀನಿ."

ನಾನು ಶಾಲೆಗೆ ಹೋದೆ. ಆ ದಿನ ನಾಲ್ಕನೇ ತರಗತಿಗೆ ಏನು ಪಾಠ ಮಾಡಿದೆನೋ ನೆನಪಿಲ್ಲ. ಮನೆಗೆ ಬಂದಾಗ ಅವರು ಇನ್ನೂ ಬಂದಿರಲಿಲ್ಲ. ಹೊತ್ತು ಇಳಿಯಿತು. ಅತ್ತೆ ಹಸುವಿಗೆ ಹುಲ್ಲು ಹಾಕಿ, ಪಾತ್ರೆ ತೊಳೆದು, ತಾವು ಮಾತ್ರ ಕರೆಯಲು ಕೂರದೆ ಕೊಟ್ಟಿಗೆಯ ಮುಂದೆ ನಿಂತೇ ಇದ್ದರು. ನಾನೂ ಪಕ್ಕದಲ್ಲಿ ನಿಂತೆ. ಬೀದಿಯ ಕೊನೆಯಲ್ಲಿ ಬಸ್ಸು ನಿಂತು ಹೊರಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರು ಬಂದರು. ಮಗಳಿಗೆ ಬಾಳೆಹಣ್ಣಿನ ಚಿಪ್ಪು ತಂದಿದ್ದರು. ಅದನ್ನು ನನ್ನ ಕೈಗೆ ಕೊಟ್ಟು, ಶರಟಿನ ತೋಳು ಮಡಚಿಕೊಂಡು ಕೊಟ್ಟಿಗೆಗೆ ನಡೆದರು.